ಕ್ರೈಸ್ತರು ತೀರಿಕೊಂಡವರನ್ನು ‘ತಂದೆಯ ಮನೆಗೆ ಹೋದರು’ ಅನ್ನೋದು ಯಾಕೆ?

ದಾವಣಗೆರೆಯಲ್ಲಿ ಸ್ನೇಹಿತರ ಅಜ್ಜಿಯ ಮಣ್ಣಿಗೆ ಹೋದಾಗ ಪಾದ್ರಿಗಳು ಹೀಗೆ ಹೇಳಿದರು, ಯಾಕೆ ಅಂತ ಒಬ್ಬರು ಕೇಳಿದ್ದಾರೆ. ಇದು ಯೇಸುವಿನ ಮಾತಿನಿಂದಲೇ ಬಂದದ್ದು. ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರು ಕಂಗಾಲಾಗಿದ್ದರು. ತಂದೆಯ, ಅಂದರೆ ದೇವರ, ಮನೆಯಲ್ಲಿ ಬೇಕಾದಷ್ಟು ಕೋಣೆಗಳಿವೆ, ನಿಮಗೆ ಜಾಗ ಸಿದ್ಧ ಮಾಡಲು ಹೋಗುತ್ತೇನೆ ಎಂದು ಯೇಸು ಅವರಿಗೆ ಧೈರ್ಯ ಹೇಳಿದರು (ಬೈಬಲ್, ಯೋಹಾನ 14). ನಾನಿರುವಲ್ಲಿ ನೀವೂ ಇರಬೇಕು ಅನ್ನೋದು ಆ ಮಾತಿನ ಜೀವಾಳ. ಕೋಣೆ ಎಷ್ಟು ದೊಡ್ಡದು, ಬಂಗಾರದ್ದಾ ಅನ್ನೋದೆಲ್ಲ ಆಮೇಲಿನದು.

ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನ ಕಸುಬು ಡೇರೆ ಮಾಡುವುದು. ಅವನು ಈ ದೇಹವನ್ನೇ ಡೇರೆ ಎಂದ. ಚಿತ್ರದುರ್ಗದ ಕಡೆ ಕುರಿಯವರು ಹೊಲದಲ್ಲಿ ಹಾಕಿಕೊಳ್ಳುವ ಗುಡಾರ ನೋಡಿದ್ದೀರಲ್ವಾ? ಗೂಟ ಕಿತ್ತು, ಸುತ್ತಿಕೊಂಡು ಮುಂದೆ ಹೊರಡೋದೇ. ಡೇರೆ ಹೋದರೂ ದೇವರು ಕಟ್ಟಿದ ಶಾಶ್ವತ ಮನೆ ಇದೆ ಎಂಬುದು ಪೌಲನ ಭರವಸೆ (2 ಕೊರಿಂಥ 5).

ಪುಣ್ಯ ತೀರಿದರೆ ಸ್ವರ್ಗದಿಂದ ವಾಪಸ್ ಬರಬೇಕು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಕ್ರೈಸ್ತ ನಂಬಿಕೆಯಲ್ಲಿ ತಂದೆಯ ಮನೆ ಸಂಪಾದಿಸಿದ್ದಲ್ಲ, ಕೃಪೆಯಿಂದ ಸಿಗೋದು. ಅದಕ್ಕೇ ತೀರೋದಿಲ್ಲ.

ಆತ್ಮ ಸುಮ್ನೆ ಮೋಡದಲ್ಲಿ ತೇಲುತ್ತಿರುತ್ತದೆ ಅಂತಲೂ ಅಲ್ಲ. ಸತ್ತವರು ದೇಹ ಸಮೇತ ಎದ್ದು ಬರುತ್ತಾರೆ, ಹೊಸ ಭೂಮಿಯಲ್ಲಿ ದೇವರೇ ಜನರ ನಡುವೆ ವಾಸಿಸುತ್ತಾನೆ ಎಂದು ಕ್ರೈಸ್ತರು ನಂಬುತ್ತಾರೆ (ಪ್ರಕಟನೆ 20, 21).