ಓದುಗರ ಪ್ರಶ್ನೆ: ಮಾರಾಟಕ್ಕಿಟ್ಟ ಮನೆಯನ್ನು ಅಪರಿಚಿತರಿಗೆ ತೋರಿಸುವಾಗ

ಪ್ರಶ್ನೆ: ಮಡಿಕೇರಿ ಸಮೀಪದ ನಮ್ಮ ಹೆಂಚಿನ ಮನೆಯನ್ನು ಮಾರಾಟಕ್ಕಿಟ್ಟಿದ್ದೇವೆ. ಭಾನುವಾರ ಬಂತೆಂದರೆ ದಲ್ಲಾಳಿಯವರು ಮೂರು ನಾಲ್ಕು ಕುಟುಂಬಗಳನ್ನು ಒಟ್ಟಿಗೇ ಕರೆತರುತ್ತಾರೆ. ಮನೆಯಲ್ಲಿರುವವರು ನಾವಿಬ್ಬರೇ, ಇಬ್ಬರಿಗೂ ವಯಸ್ಸಾಗಿದೆ. ಕೋವಿ, ಬೆಳ್ಳಿಯ ಪೀಚೆಕತ್ತಿ, ಒಡವೆ ಎಲ್ಲವೂ ಮನೆಯಲ್ಲೇ ಇವೆ. ಯಾವ ಎಚ್ಚರಿಕೆ ವಹಿಸಬೇಕು?
– ಓದುಗರೊಬ್ಬರು, ಕೊಡಗು

ಉತ್ತರ: ಒಡವೆ ಮತ್ತು ಪೀಚೆಕತ್ತಿಯನ್ನು ಮನೆ ಮಾರಾಟವಾಗುವವರೆಗೆ ಬ್ಯಾಂಕಿನ ಲಾಕರಿನಲ್ಲಿಡಿ, ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕೋವಿಯ ವಿಷಯ ಬೇರೆ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಂದ ವಿನಾಯಿತಿ ಇದೆಯಾದರೂ, ಕೋವಿಯನ್ನು ಜೋಪಾನವಾಗಿಡುವ ಹೊಣೆಯಿಂದ ಯಾರಿಗೂ ವಿನಾಯಿತಿ ಇಲ್ಲ. ನಡುಮನೆಯ ಗೋಡೆಯಲ್ಲಿ ತೂಗುಹಾಕಿದ್ದರೆ ಇಂದೇ ಇಳಿಸಿ, ಗುಂಡುಗಳನ್ನು ಬೇರೆಡೆ ಇಟ್ಟು, ಕೋವಿಯನ್ನು ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿಡಿ. ಮನೆ ಕೊಳ್ಳಲು ಬಂದವರು ಅದನ್ನು ನೋಡಬೇಕಾದ ಅಗತ್ಯವೇ ಇಲ್ಲ.

ಅಂದು ಏನು ಕಳುವಾಗಬಹುದು ಎಂಬುದಕ್ಕಿಂತ, ಬಂದವರು ಏನನ್ನು ತಿಳಿದುಕೊಂಡು ಹೋಗುತ್ತಾರೆ ಎಂಬುದರ ಬಗ್ಗೆಯೇ ನಾನು ಹೆಚ್ಚು ಯೋಚಿಸುತ್ತೇನೆ. ಅಡುಗೆಮನೆಯ ಹಿಂಬಾಗಿಲು ನೇರವಾಗಿ ಕಾಫಿ ಗಿಡಗಳ ನಡುವೆ ತೆರೆದುಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿಂದ ಒಳಬಂದವರು ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿದಾಗ ಅಂಥ ಬಾಗಿಲಿನ ಅಗುಳಿ ಪೂರ್ತಿ ಕೂರದೆ ಅರ್ಧಕ್ಕೇ ನಿಲ್ಲುವುದುಂಟು. ಬಂದವರೆಲ್ಲ ಹೊರಟ ಮೇಲೆ, ಕತ್ತಲಾಗುವ ಮೊದಲು, ಕೋಣೆಕೋಣೆಗೂ ಹೋಗಿ ಪ್ರತಿ ಕಿಟಕಿಯ ಚಿಲಕವನ್ನೂ ಹಿಂಬಾಗಿಲಿನ ಅಗುಳಿಯನ್ನೂ ಕೈಯಿಂದ ಮುಟ್ಟಿ ನೋಡಿ, ಏಕೆಂದರೆ ಒಳಗಿನಿಂದ ಸದ್ದಿಲ್ಲದೆ ಸರಿಸಿಟ್ಟ ಚಿಲಕ ಕಣ್ಣಳತೆಗೆ ಸಿಗುವುದಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುವ ಕೀಲಿಗೊಂಚಲು, ಮದುವೆಗೆ ಊರಿಗೆ ಹೋಗುವ ದಿನವನ್ನು ಗುರುತಿಸಿದ ಕ್ಯಾಲೆಂಡರ್, ಬ್ಯಾಂಕಿನಿಂದ ಬಂದ ಲಕೋಟೆ ಇವೆಲ್ಲವನ್ನೂ ಮೊದಲೇ ಒಳಗಿಡಿ. ನೀವಿಬ್ಬರೇ ಇರುವ ಸಂಗತಿಯನ್ನು ಮಾತಿನ ಭರದಲ್ಲಿ ಹೇಳಿಬಿಡಬೇಡಿ. ಕಾಫಿ ಕೊಟ್ಟು ಉಪಚರಿಸುವ ನಮ್ಮವರ ಬಾಯಲ್ಲಿ ಇಂಥದ್ದು ಸುಲಭವಾಗಿ ಬಂದುಬಿಡುತ್ತದೆ.

ಒಮ್ಮೆಗೆ ಒಂದೇ ಕುಟುಂಬವನ್ನು ಕರೆತರುವಂತೆ, ಬರುವವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಹಿಂದಿನ ದಿನವೇ ತಿಳಿಸುವಂತೆ ದಲ್ಲಾಳಿಗೆ ಹೇಳಿ. ಅವರು ಗೊಣಗಬಹುದು, ಗೊಣಗಲಿ. ಆ ಹೊತ್ತಿಗೆ ನೆರೆಯವರನ್ನೋ ನೆಂಟರನ್ನೋ ಕರೆಸಿಕೊಳ್ಳಿ. ಒಬ್ಬರು ಮುಂದೆ ನಿಂತು ತೋರಿಸುತ್ತಿದ್ದರೆ ಇನ್ನೊಬ್ಬರು ಹಿಂದೆ ಉಳಿದವರ ಜೊತೆಗಿರಬೇಕು. ಕೀಲಿಯನ್ನು ಮಾತ್ರ ಯಾವ ಕಾರಣಕ್ಕೂ ದಲ್ಲಾಳಿಗೆ ಕೊಡಬೇಡಿ.

ಮೂಲ ಕ್ರಯಪತ್ರ, ಆಧಾರ್ ಇತ್ಯಾದಿಗಳನ್ನು ಮೊದಲ ಭೇಟಿಯಲ್ಲೇ ಹೊರತೆಗೆಯಬೇಕಾಗಿಲ್ಲ. ಪಹಣಿಯನ್ನೂ ಋಣಭಾರ ಪತ್ರವನ್ನೂ ಆಸಕ್ತರು ತಾವೇ ಪಡೆದು ಪರಿಶೀಲಿಸಬಹುದು. ನಕಲು ಕೊಡುವ ಸಂದರ್ಭ ಬಂದರೆ ಯಾರಿಗೆ, ಯಾವ ಉದ್ದೇಶಕ್ಕೆ ಕೊಟ್ಟದ್ದೆಂದು ಪ್ರತಿ ಹಾಳೆಯ ಮೇಲೂ ಅಡ್ಡಲಾಗಿ ಬರೆದು, ದಿನಾಂಕ ಹಾಕಿ ಕೊಡಿ.