ಆ ಎರಡು ವರ್ಷಗಳ ಕಾಗದ

ಬಿಟಿಎಂ ಬಡಾವಣೆ, ಮಾರತ್ತಹಳ್ಳಿ ಕಡೆಯ ಪಿಜಿಗಳಿಂದ ಕೆಲಸದ ಬಗ್ಗೆ ಸಲಹೆ ಕೇಳಿ ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಕೆಲವರ ಚೀಲದಲ್ಲಿ ಒಂದೇ ಬಗೆಯ ಕಾಗದವಿರುತ್ತದೆ: ಮಾಡದ ಕೆಲಸಕ್ಕೆ ದುಡ್ಡು ಕೊಟ್ಟು ಪಡೆದ ಅನುಭವ ಪತ್ರ. ಬಸವರಾಜನ ವಿಷಯ ಬರೆಯಲು ಬೇರೆಯೇ ಕಾರಣವಿದೆ. ನನ್ನ ಸಲಹೆ ಕೇಳಿದ್ದರಿಂದ ಅವನ ಕೈಗೆ ಬಂದಿದ್ದ ಕೆಲಸ ಹೋಯಿತು. ಹೆಸರು, ಊರು, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಕೊಪ್ಪಳ ಜಿಲ್ಲೆಯ ಹುಡುಗ. 2022ರಲ್ಲಿ ಬಿ.ಇ. ಮುಗಿಸಿದ. 2024ರ ಕೊನೆಗೆ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತ. ಎಲ್ಲಿ ಅರ್ಜಿ ಹಾಕಲು ಹೋದರೂ ‘ಈ ವರ್ಷದ ಬ್ಯಾಚಿನವರಿಗೆ ಮಾತ್ರ’ ಎಂಬ ಸಾಲು. ಪಿಜಿಯ ಗೆಳೆಯನೊಬ್ಬ ಒಂದು ಕನ್ಸಲ್ಟೆನ್ಸಿಯ ದಾರಿ ತೋರಿಸಿದ. ಅಕ್ಕನ ಬಳೆ ಅಡವಿಟ್ಟು ತಂದ ಅರವತ್ತು ಸಾವಿರಕ್ಕೆ ಎರಡು ವರ್ಷಗಳ ಅನುಭವ ಪತ್ರ, ಸಂಬಳದ ಚೀಟಿಗಳು, ವಿಚಾರಿಸಿ ಫೋನ್ ಮಾಡಿದರೆ ‘ಹೌದು, ನಮ್ಮಲ್ಲೇ ಇದ್ದ’ ಎನ್ನಲು ಒಬ್ಬ ಮನುಷ್ಯ, ಇಷ್ಟು ಸಿಕ್ಕಿತು. ಸಂದರ್ಶನವೂ ಗೆದ್ದ. ಸೇರಲು ಹನ್ನೆರಡು ದಿನ ಇರುವಾಗ ಕಂಪನಿಯವರು ಯುಎಎನ್, ಅಂದರೆ ನೌಕರರ ಭವಿಷ್ಯ ನಿಧಿಯ (ಪಿಎಫ್) ಸದಸ್ಯ ಸಂಖ್ಯೆ, ಮತ್ತು ಪಿಎಫ್ ಪಾಸ್‌ಬುಕ್ ಕೇಳಿದರು. ಅಲ್ಲಿಂದ ನಿದ್ರೆ ಹೋಯಿತು.

ಕನ್ಸಲ್ಟೆನ್ಸಿಯವನು ‘ಪಿಎಫ್ ಕಟ್ಟುತ್ತಿರಲಿಲ್ಲ ಎಂದು ಹೇಳಿಬಿಡು’ ಎಂದನಂತೆ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಭವಿಷ್ಯ ನಿಧಿ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಇವನ ಪತ್ರದಲ್ಲೋ ಆ ಕಂಪನಿಗೆ ಇನ್ನೂರು ನೌಕರರು! ಯುಎಎನ್ ವ್ಯವಸ್ಥೆ ಬಂದದ್ದು 2014ರಲ್ಲಿ. ಒಬ್ಬರಿಗೆ ಒಂದೇ ಸಂಖ್ಯೆ, ಎಲ್ಲಿ ಯಾವಾಗ ಸೇರಿದರು, ಯಾವಾಗ ಬಿಟ್ಟರು ಎಂಬುದೆಲ್ಲ ಅದರ ಅಡಿಯಲ್ಲೇ ಇರುತ್ತದೆ. ಬ್ಯಾಂಕ್ ವಿವರ ಕೇಳಿದರೆ ಸಂಬಳ ಜಮೆಯಾದ ಒಂದು ಸಾಲನ್ನೂ ತೋರಿಸಲಾಗದು. ಇವನ್ನೆಲ್ಲ ಮೊದಲೆರಡು ಭೇಟಿಗಳಲ್ಲಿ ಹೇಳಿದೆ. ಅವನಿಗೆ ಭಯ ಹೆಚ್ಚಾಯಿತೇ ಹೊರತು ಏನೂ ತೀರ್ಮಾನವಾಗಲಿಲ್ಲ. ಹೆದರಿಸಿ ಒಪ್ಪಿಸಲು ಹೊರಟದ್ದು ನನ್ನ ತಪ್ಪು.

ಮೂರನೆಯ ಸಲ ಬಂದಾಗ ಹೇಳಿದೆ: “ನಾನೇ ಕಂಪನಿಯವಳು ಎಂದುಕೋ. ಆ ಕೆಲಸದ ಬಗ್ಗೆ ಹೇಳು.” ಬಾಯಿಪಾಠ ಒಪ್ಪಿಸಿದ. ಪ್ರಾಜೆಕ್ಟಿನ ಹೆಸರು, ತಂಡದಲ್ಲಿ ಎಷ್ಟು ಜನ, ಮ್ಯಾನೇಜರ್ ಯಾರು, ಎಲ್ಲೂ ತಡವರಿಸಲಿಲ್ಲ.

“ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರುತ್ತಿದ್ದೆ?”

ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, “ನಿಜವಾಗಿ ಆಗ ಎಲ್ಲಿದ್ದೆ?”

ಅವನ ತಂದೆಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ದಿನ ಬೆಳಗಿನ ಜಾವದ ಬಸ್ಸಿಗೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದು, ನಾಲ್ಕು ಗಂಟೆ ಡಯಾಲಿಸಿಸ್, ಮತ್ತೆ ಬಸ್ಸು. ದಿನಕ್ಕೆ ಕುಡಿಯಬಹುದಾದ ನೀರನ್ನು ಒಂದೇ ಬಾಟಲಿಯಲ್ಲಿ ಅಳೆದಿಡುತ್ತಿದ್ದನಂತೆ. ಯಂತ್ರಕ್ಕೆ ಮಲಗಿಸುವ ಮೊದಲಿನ ತೂಕ, ಎಬ್ಬಿಸಿದ ಮೇಲಿನ ತೂಕ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಹೇಳುವಾಗ ಅವನ ದನಿಯೇ ಬೇರೆಯಾಗಿತ್ತು. ಆಮೇಲೆ ಮೇಜಿನ ಮೇಲಿದ್ದ ಅನುಭವ ಪತ್ರವನ್ನು ಎಳೆದುಕೊಂಡು ತಾರೀಖುಗಳನ್ನು ಓದಿದ.

“ಮೇಡಂ, ಅಪ್ಪ ತೀರಿಕೊಂಡದ್ದು ಈ ತಾರೀಖುಗಳ ಒಳಗೇ. ಇದರ ಪ್ರಕಾರ ಆ ದಿನ ನಾನು ಬೆಂಗಳೂರಿನಲ್ಲಿದ್ದೆ.”

ಕಾಗದವನ್ನು ಮಗುಚಿಟ್ಟ. ನಾನು ಮತ್ತೇನೂ ಹೇಳಬೇಕಾಗಲಿಲ್ಲ.

ಅವನು ದಾರಿ ಕೇಳಿದ ಮೇಲೆ ಕೊಟ್ಟ ಸಲಹೆ ಇದು: ಕಂಪನಿಯವರು ಕಂಡುಹಿಡಿಯುವ ಮೊದಲೇ ಎರಡು ಪ್ಯಾರಾ ಬರೆ. ಕೊಟ್ಟ ಅನುಭವ ಪತ್ರ ನಿಜವಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ, ಆ ಅವಧಿಯಲ್ಲಿ ತಂದೆಯ ಆರೈಕೆಯಲ್ಲಿದ್ದೆ, ಹೊಸಬನಾಗಿ ಪರಿಗಣಿಸುವುದಾದರೆ ಸಿದ್ಧನಿದ್ದೇನೆ. ಕನ್ಸಲ್ಟೆನ್ಸಿಯನ್ನು ದೂರಬೇಡ, ಬೇಡಿಕೊಳ್ಳಲೂಬೇಡ. ಬಯೋಡೇಟಾದಲ್ಲಿ ಆ ಎರಡು ವರ್ಷಗಳಿಗೆ ಒಂದು ಸಾಲು ಕೊಡು, ಮುಚ್ಚಿಡಬೇಡ. ಜೊತೆಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸಿಗುವ ತರಬೇತಿ ಸ್ಥಾನಗಳನ್ನೂ ನೋಡು. ಸ್ಟೈಪೆಂಡ್ ಕಡಿಮೆ, ಆದರೆ ಕೊನೆಗೆ ಸಿಗುವ ಪ್ರಮಾಣಪತ್ರ ನಿಜದ್ದು.

ಪತ್ರ ಕಳಿಸಿದ. ಎರಡೇ ದಿನಕ್ಕೆ ಆಫರ್ ರದ್ದಾಯಿತು.

ನನ್ನ ಸಹೋದ್ಯೋಗಿಯೊಬ್ಬರು ಸಿಟ್ಟಾದರು. “ಎಷ್ಟೋ ಜನ ಹೀಗೇ ದಾಟಿಕೊಂಡಿದ್ದಾರೆ. ಸಾಲವಿರುವ ಹುಡುಗನ ಅನ್ನ ಕಸಿದಿರಿ” ಎಂದರು. ಆ ಮಾತು ನಾಟಿತು, ಅನೇಕ ದಿನ ಕಾಡಿತು. ಆದರೂ ನನ್ನ ಸಲಹೆ ಬದಲಾಗುವುದಿಲ್ಲ. ಯಾಕೆಂದರೆ ದಾಟಿಕೊಂಡವರೂ ನನ್ನಲ್ಲಿಗೆ ಬರುತ್ತಾರೆ, ಒಂದು ವರ್ಷ ಬಿಟ್ಟು. ಕೆಲಸಕ್ಕೆ ಸೇರಿದ ಹೊಸಬರಿಗೆ ಮೊದಲ ಆರು ತಿಂಗಳು ಒಂದು ದೊಡ್ಡ ಸ್ವಾತಂತ್ರ್ಯವಿರುತ್ತದೆ: ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಎನ್ನಬಹುದು. ಇಂಟರ್ನ್ ಆಗಿ ಸೇರಿದವರಿಗೆ ನಾನು ಮೊದಲು ಹೇಳುವುದೇ ಇದನ್ನು, ನಾಚಿಕೊಳ್ಳದೆ ಕೇಳಿ, ಈಗ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದು. ಎರಡು ವರ್ಷದ ಸುಳ್ಳು ಅನುಭವ ಹೊತ್ತು ಹೋದವನು ಆ ಸ್ವಾತಂತ್ರ್ಯವನ್ನೇ ಮಾರಿಕೊಂಡಿರುತ್ತಾನೆ. ಎರಡು ವರ್ಷ ಪಳಗಿದವನಿಗೆ ಕೊಡುವ ಕೆಲಸ ಕೊಡುತ್ತಾರೆ. ಪಕ್ಕದವನನ್ನು ಕೇಳಿದರೆ ಗುಟ್ಟು ಬಯಲಾಗುತ್ತದೆ. ಮಾನವ ಸಂಪನ್ಮೂಲ ವಿಭಾಗದಿಂದ ಮಾಮೂಲಿ ಇಮೇಲ್ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಕೆಲಸ ಕಲಿಯಬೇಕಾದ ಕಾಲವೆಲ್ಲ ಸಿಕ್ಕಿಬೀಳದಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ.

ನನ್ನ ಸಿಟ್ಟಿನ ಒಂದು ಪಾಲು ಕಂಪನಿಗಳಿಗೂ ಸಲ್ಲಬೇಕು. ಪದವಿ ಮುಗಿಸಿದ ವರ್ಷ ನೋಡಿಯೇ ಅರ್ಜಿಯನ್ನು ಪಕ್ಕಕ್ಕೆ ಸರಿಸುವವರು ಇರುವತನಕ ಈ ಕನ್ಸಲ್ಟೆನ್ಸಿಗಳ ಬಾಗಿಲಿಗೆ ಜನ ಹೋಗುತ್ತಲೇ ಇರುತ್ತಾರೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ಮಕ್ಕಳಿಗೆ ಇದು ದೊಡ್ಡ ಅನ್ಯಾಯ.

ಬಸವರಾಜನಿಗೆ ಏಳು ತಿಂಗಳು ಏನೂ ಸಿಗಲಿಲ್ಲ. ಆ ಏಳು ತಿಂಗಳು ನನಗೂ ಸುಲಭವಾಗಿರಲಿಲ್ಲ. ಈಗ ಪೀಣ್ಯದ ಸಣ್ಣ ಸಂಸ್ಥೆಯೊಂದರಲ್ಲಿದ್ದಾನೆ, ರದ್ದಾದ ಕೆಲಸದ ಅರ್ಧದಷ್ಟು ಸಂಬಳ. ಕನ್ಸಲ್ಟೆನ್ಸಿಯ ಹಣ ಮರಳಿ ಬರಲಿಲ್ಲ, ಅಕ್ಕನ ಬಳೆ ಇನ್ನೂ ಅಡವಿನಲ್ಲೇ ಇದೆ. ಅವನಿಗೆ ನನ್ನ ಮೇಲೆ ಬೇಸರವಿದೆಯೇ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ಕಳೆದ ವಾರ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಳು. ಅದೇ ಕಂಪನಿಯ ಪತ್ರ, ಅದೇ ಮುದ್ರೆ, ಅದೇ ಸಹಿ. ಮುಂದಿನ ಸೋಮವಾರ ಕೆಲಸಕ್ಕೆ ಸೇರಬೇಕಂತೆ. ಈ ಸಲ ಪಿಎಫ್ ಮಾತು ತೆಗೆಯಲಿಲ್ಲ. ಆ ಎರಡು ವರ್ಷ ಎಲ್ಲಿದ್ದೆ ಎಂದಷ್ಟೇ ಕೇಳಿದೆ. ಉತ್ತರ ಕೊಡದೆ ಎದ್ದು ಹೋದಳು. ನಾಳೆ ಬರುತ್ತೇನೆ ಎಂದು ಇಂದು ಬೆಳಿಗ್ಗೆ ಸಂದೇಶ ಕಳಿಸಿದ್ದಾಳೆ.