ತೀರ್ಥಹಳ್ಳಿ ತೋಟಕ್ಕೆ ಮಾಡೆಲ್ ಮಳೆ ಯಾಕೆ ಹೊಂದುವುದಿಲ್ಲ?

ಸರ್, ಕಾರ್ಡೆಕ್ಸ್ (ಹವಾಮಾನ ಮಾಡೆಲ್‌ಗಳು ಒಂದೊಂದು ಪ್ರದೇಶಕ್ಕೆ ಲೆಕ್ಕಹಾಕಿದ ಹಿಂದಿನ, ಮುಂದಿನ ವರ್ಷಗಳ ಹವಾಮಾನ) ಫೈಲಿನ ಮಳೆಗೂ ನಿಮ್ಮ ಮಳೆಮಾಪಕದ ಲೆಕ್ಕಕ್ಕೂ ತಾಳೆಯೇ ಇಲ್ಲ, ಇದನ್ನು ನಂಬಿ ಅಡಿಕೆ ಹಾಕಬಹುದಾ ಅಂತ ಕೇಳಿದ್ದೀರಿ. ಫೈಲ್ ಕೆಟ್ಟಿಲ್ಲ. ಆದರೆ ಅದು ನಿಮ್ಮ ತೋಟದ ಮಳೆ ಅಲ್ಲ.

ನೀವು ಇಳಿಸಿಕೊಂಡಿದ್ದು 50 ಕಿ.ಮೀ. ಚೌಕದ್ದು. ಅಂದರೆ 2500 ಚದರ ಕಿ.ಮೀ.ಗೆ ಒಂದೇ ಸಂಖ್ಯೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿ ಪೇಟೆಗೆ ಬರುವಷ್ಟರಲ್ಲಿ ಅದರ ಅರ್ಧವೂ ಇಲ್ಲ. ಇವೆರಡೂ ಒಂದೇ ಚೌಕದಲ್ಲಿ ಬಿದ್ದರೆ ಏನಾಗಬೇಕು ಹೇಳಿ! ಜೊತೆಗೆ ಘಟ್ಟದ ಎತ್ತರವೂ ಸರಾಸರಿಯಾಗಿ, ಗೋಡೆಯಂಥ ಬೆಟ್ಟ ಮಾಡೆಲ್‌ನಲ್ಲಿ ಸಣ್ಣ ಇಳಿಜಾರಾಗುತ್ತದೆ. ಸಮುದ್ರದ ಗಾಳಿ ನಿಜದಲ್ಲಿ ಏರುವಷ್ಟು ಅಲ್ಲಿ ಏರುವುದಿಲ್ಲ. 25 ಕಿ.ಮೀ.ದು ಸಿಕ್ಕರೆ ಸ್ವಲ್ಪ ವಾಸಿ, ಅಷ್ಟೇ.

ಆದ್ದರಿಂದ ಅದರ ಮಿ.ಮೀ. ಬಿಡಿ, ಬದಲಾವಣೆ ಮಾತ್ರ ತೆಗೆದುಕೊಳ್ಳಿ. ಒಂದೇ ಮಾಡೆಲ್‌ನ 1976–2005ರ ಸರಾಸರಿಯನ್ನು 2036–2065ರದ್ದರ ಜೊತೆ ಹೋಲಿಸಿ. ಉದಾಹರಣೆಗೆ ಜುಲೈ ಮಳೆ ಶೇ. 10 ಜಾಸ್ತಿ ಬಂತು ಅನ್ನಿ. ಆ ಶೇ. 10 ಅನ್ನು ನಿಮ್ಮ ಸ್ವಂತ ಜುಲೈ ಸರಾಸರಿಗೆ ಸೇರಿಸಿ. ಉಷ್ಣಾಂಶಕ್ಕೆ ಶೇಕಡಾ ಬೇಡ, ಎಷ್ಟು ಡಿಗ್ರಿ ಏರಿತು ಅಂತ ನೋಡಿ ಕೂಡಿಸಿದರೆ ಸಾಕು. ಒಂದೇ ಚೌಕ ಹಿಡಿಯಬೇಡಿ, ಸುತ್ತಲಿನದ್ದೂ ಸೇರಿಸಿ ನೋಡಿ. ಮಾಡೆಲ್ ಕೂಡ ಒಂದೇ ಸಾಲದು. ಬಿಸಿ ಏರುತ್ತದೆ ಅನ್ನುವುದರಲ್ಲಿ ಎಲ್ಲವೂ ಒಂದೇ ಮಾತು. ಮಳೆ ವಿಷಯಕ್ಕೆ ಬಂದರೆ ಒಂದೊಂದು ಒಂದೊಂದು ದಿಕ್ಕು.

ಅಡಿಕೆಯ ಕೊಳೆ ರೋಗದ ಲೆಕ್ಕಕ್ಕೆ ಮಾತ್ರ ಇದನ್ನು ದಯವಿಟ್ಟು ಬಳಸಬೇಡಿ. ನಮಗೆ ಬೇಕಿರುವುದು ಮಳೆ ಎಷ್ಟು ದಿನ ಬಿಡದೆ ಹೊಡೆಯಿತು, ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಹೊಳವು (ಮಳೆ ಬಿಟ್ಟ ಹೊತ್ತು) ಯಾವಾಗ ಸಿಕ್ಕಿತು ಅನ್ನುವುದು, ಅಲ್ವಾ? ಮಾಡೆಲ್‌ಗಳಿಗೆ ದಿನಾ ಜಿನುಗುವ ಚಟ. ಮಳೆ ದಿನಗಳು ಜಾಸ್ತಿ, ಜಡಿಮಳೆ ಕಡಿಮೆ ತೋರಿಸುತ್ತವೆ. ಹಾಗೇ ಎಣಿಸಿದರೆ ಹೊಳವೇ ಸಿಗುವುದಿಲ್ಲ ಅನ್ನಿಸಿಬಿಡುತ್ತದೆ. 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನ ಬಿಟ್ಟು ಎಣಿಸಿದರೂ ಪೂರ್ತಿ ಸರಿಹೋಗುವುದಿಲ್ಲ.

ಇನ್ನೊಂದು ವಿಷಯ. ಈ ಫೈಲುಗಳಲ್ಲಿ ಹಳೆಯ ಕಾಲದ ಓಟ (ಮಾಡೆಲ್ ಕಳೆದ ವರ್ಷಗಳಿಗೆ ಹಾಕಿದ ಲೆಕ್ಕ) 2005ಕ್ಕೆ ಮುಗಿಯುತ್ತದೆ. ನಿಮ್ಮ ಮಳೆ ಪುಸ್ತಕ ಅದರ ನಂತರ ಶುರುವಾಗಿದ್ದರೆ, ಹೋಲಿಕೆಗೆ 1976–2005ರ ಬದಲು, 2005ರ ನಂತರದ ವರ್ಷಗಳ ಓಟದಿಂದ ನಿಮ್ಮ ಪುಸ್ತಕದಲ್ಲಿರುವ ಅದೇ ವರ್ಷಗಳನ್ನೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆಗಲೇ ಆಗಿಹೋದ ಬದಲಾವಣೆಯನ್ನೂ ಎರಡು ಸಲ ಕೂಡಿಸಿದಂತೆ. ನಿಮ್ಮದು ಯಾವ ವರ್ಷದಿಂದ ಇದೆ?